ಜಗಲಿಯ ಓಲೆಗಂಟು



ಗಟ್ಟು ಸುತ್ತಲಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಒಂದೊಂದಾಗಿ ಇಳಿದು ಸ್ಲ್ಯಾಬಿನ ಮನೆಗಳು ಏಳುತ್ತಿವೆ. ಇದು ಸಂತೋಷದ ಸಂಗತಿ. ಸೋರುವ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರಿಗೆ ಸ್ಲ್ಯಾಬಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಳೆಯ ಮನೆ ಬಿಚ್ಚುವಾಗ ದೇವರ ಜಗಲಿಯಿಂದ ಕೆಲವು ಕಡೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಹೊರಬರುತ್ತದೆ. ಮುತ್ತಜ್ಜನ ಕಾಲದಿಂದ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಊದಿನಕಡ್ಡಿ ಬೆಳಗಿದ ಗಂಟು ಅದು. ಬಿಚ್ಚಿ ನೋಡಿದವರು ಮನೆಯಲ್ಲಿ ಈಗ ಯಾರೂ ಇಲ್ಲ. ಒಳಗಿರುವುದು ಓಲೆಗರಿ. ಯಜಮಾನರು ಶ್ರೀಮಠಕ್ಕೆ ಬಂದು ಕೇಳುತ್ತಾರೆ: "ಅಪ್ಪಾವ್ರನ್ನ ಕೇಳಿ ಹೇಳ್ರಿ, ಇದನ್ನ ಹೊಸ ಮನ್ಯಾಗ ಇಡೋದೋ, ಮಠಕ್ಕ ಒಪ್ಪಿಸೋದೋ, ಕೃಷ್ಣೆಗೆ ಬಿಡೋದೋ?"

ಪ್ರಶ್ನೆ ಚಿಕ್ಕದಾಗಿ ಕಂಡರೂ ನಮ್ಮ ಕಾಲದ ದೊಡ್ಡ ಪ್ರಶ್ನೆಯೊಂದು ಇದರಲ್ಲಿ ಅಡಗಿದೆ. ದೇಶವೆಲ್ಲ ವೇಗವಾಗಿ ಹೊಸತಾಗುತ್ತಿರುವಾಗ ಹಳೆಯದನ್ನು ಉಳಿಸಿಕೊಳ್ಳುವುದು ಎಂದರೇನು? ರಾಷ್ಟ್ರೀಯ ಪರಂಪರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, ೨೦೨೧ರಲ್ಲಿ ಸೇರಿದ ನಮ್ಮದೇ ರಾಜ್ಯದ ರಾಮಪ್ಪ ಗುಡಿ. ಸಂವಿಧಾನದ ೫೧ಎ ವಿಧಿಯು ದೇಶದ ಸಂಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದನ್ನು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಹೇಳುತ್ತದೆ. ಪ್ರತಿಯೊಬ್ಬ ಪ್ರಜೆ ಎಂದ ಮೇಲೆ ಎರಡೆಕರೆ ಹತ್ತಿ ಹಾಕಿದ ರೈತನೂ ಸಂತೆಯಲ್ಲಿ ಕಾಳಿನ ಅಂಗಡಿ ಇಟ್ಟವನೂ ಅದರೊಳಗೆ ಬಂದ. ಹಂಪಿಯನ್ನು ಕಾಯಲು ಸರ್ಕಾರದ ಇಲಾಖೆ ಉಂಟು. ಜಗಲಿಯ ಗಂಟಿಗೆ ಯಾರುಂಟು?

ಕೃಷ್ಣೆಗೆ ಬಿಡುವ ಮಾತು ಕೇಳಿದರೆ ಓದಿಕೊಂಡವರು ಸಿಟ್ಟಾಗುತ್ತಾರೆ, ಜನ ಅಜ್ಞಾನಿಗಳು ಎನ್ನುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಕಸದ ತಿಪ್ಪೆಗೆ ಹಾಕಲು ಮನಸ್ಸು ಬಾರದೆ, ಒಲೆಗೆ ಹಾಕಲು ಕೈ ಬಾರದೆ, ಪವಿತ್ರವಾದದ್ದು ಪವಿತ್ರವಾದ ಕಡೆಗೇ ಸೇರಲಿ ಎಂದು ಹೊಳೆಯನ್ನು ನೆನೆಯುತ್ತಾರೆ. ಅದು ಭಕ್ತಿಯೇ. ಆದರೆ ಈ ಪದ್ಧತಿ ಎಲ್ಲಿಂದ ಬಂತೆಂಬುದನ್ನು ವಿಚಾರಿಸಬೇಕು. ಓಲೆಗರಿಗೆ ಆಯುಷ್ಯವುಂಟು. ಹುಳ, ಗೆದ್ದಲು, ತೇವ, ಹೊಗೆ ಎಲ್ಲವೂ ಅದಕ್ಕೆ ವೈರಿ. ಬಹಳ ಜೋಪಾನ ಮಾಡಿದರೆ ಕೆಲವು ನೂರು ವರ್ಷ ಬಾಳೀತು. ಗರಿ ಮುರಿಯತೊಡಗಿದಾಗ ಹಿರಿಯರು ಹೊಸ ಗರಿ ತರಿಸಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆಸಿ, ಕಾಡಿಗೆ ಸವರಿ ಪ್ರತಿ ಮಾಡಿಸುತ್ತಿದ್ದರು. ಪ್ರತಿ ಸಿದ್ಧವಾದ ಮೇಲೆ ಹಳೆಯದನ್ನು ಹೊಳೆಗೆ ಬಿಡುತ್ತಿದ್ದರು. ಅಂದರೆ ಹೊಳೆಗೆ ಬಿಡುವುದು ಒಂದು ಕ್ರಿಯೆಯ ಉತ್ತರಾರ್ಧ. ಪೂರ್ವಾರ್ಧ ಪ್ರತಿ ಮಾಡುವುದು. ಕಾಲ ಸರಿದಂತೆ ಪೂರ್ವಾರ್ಧ ಬಿಟ್ಟುಹೋಗಿ ಉತ್ತರಾರ್ಧವೊಂದೇ ಸಂಪ್ರದಾಯವೆಂಬ ಹೆಸರಿನಲ್ಲಿ ಉಳಿದುಕೊಂಡಿದೆ.

ಹನ್ನೆರಡನೆಯ ಶತಮಾನದ ಶರಣರ ಸ್ವಂತ ಕೈಬರಹದ ಗರಿ ನಮಗೆ ದೊರೆತಿಲ್ಲ. ಆದರೂ ಅವರ ಮಾತು ದೊರೆತಿದೆ. ಹೇಗೆ? ಕಲ್ಯಾಣದ ಕ್ರಾಂತಿಯ ನಂತರ ಚದುರಿದವರು ಹೊತ್ತೊಯ್ದರು, ಕಲಿಸಿದರು, ಹಾಡಿದರು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ವಿರಕ್ತರು ಒಂದೆಡೆ ಕೂಡಿ ವಚನಗಳನ್ನು ಹುಡುಕಿ, ಜೋಡಿಸಿ, ಟೀಕೆ ಬರೆದರು. ಶೂನ್ಯಸಂಪಾದನೆ ಒಂದೇ ಸಲ ಬರೆದು ಮುಗಿಸಿದ ಗ್ರಂಥವಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ವರು ಅದನ್ನು ಮತ್ತೆ ಮತ್ತೆ ಕಟ್ಟಿದರು. ಪ್ರತಿಯೊಬ್ಬ ಹಿರಿಯನೂ ತನಗೆ ಬಂದದ್ದನ್ನು ಓದಿ, ತಿಳಿದು, ಮುಂದಿನವರಿಗೆ ದಾಟಿಸಿದ. ಗಂಟು ಕಟ್ಟಿ ಪೂಜೆ ಮಾಡಿ ಕುಳಿತಿದ್ದರೆ ನಮಗೆ ಏನೂ ಉಳಿಯುತ್ತಿರಲಿಲ್ಲ.

ನಮಗೆ ಹತ್ತಿರದ ಕಾಲದ ಉದಾಹರಣೆ ಡಾ. ಫ. ಗು. ಹಳಕಟ್ಟಿಯವರದು. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿ ಮಾಡಿದವರು. ಮನೆಮನೆಗೆ, ಮಠಮಠಕ್ಕೆ ಅಲೆದು ಓಲೆಗಳನ್ನು ಹುಡುಕಿ ಪ್ರತಿ ಮಾಡಿಕೊಂಡರು. ೧೯೨೩ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು. ವಚನಗಳನ್ನು ಅಚ್ಚು ಹಾಕಲೆಂದೇ ಸ್ವಂತ ಮನೆ ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ೧೯೨೬ರಲ್ಲಿ ಶಿವಾನುಭವ ಪತ್ರಿಕೆ ಹೊರಡಿಸಿದರು. ೧೯೬೪ರಲ್ಲಿ ಲಿಂಗೈಕ್ಯರಾಗುವವರೆಗೂ ಇದೇ ಕಾಯಕ. ವ್ಯಾಪಾರಸ್ಥರಾದ ಭಕ್ತರು ಈ ಲೆಕ್ಕವನ್ನು ಒಮ್ಮೆ ತಮ್ಮ ಖಾತೆ ಕೀರ್ದಿಯ ರೀತಿಯಲ್ಲಿ ಬರೆದು ನೋಡಬೇಕು. ಖರ್ಚಿನ ಕಡೆ ಒಂದು ಮನೆ. ಜಮೆಯ ಕಡೆ ಅವರ ಹೆಸರಿಗೆ ಒಂದು ಕಾಸೂ ಇಲ್ಲ. ಎಪ್ಪತ್ತು ವರ್ಷದ ನಂತರ ೧೯೯೩ರಲ್ಲಿ ಕರ್ನಾಟಕ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಾಗ ಆ ಜಮೆ ನಮ್ಮೆಲ್ಲರ ಖಾತೆಗೆ ಬಂದು ಬಿದ್ದಿತು.

ಇಲ್ಲಿ ಕಾಲೇಜು ಓದುವ ನಮ್ಮ ಹುಡುಗರು ಎತ್ತುವ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಅವರು ಹೇಳುವುದು ಹೀಗೆ: ಅಣ್ಣ ಬಸವಣ್ಣನವರು ಸ್ಥಾವರಕ್ಕಿಂತ ಜಂಗಮವನ್ನು ದೊಡ್ಡದು ಮಾಡಿದವರು, ನಿಂತದ್ದಕ್ಕೆ ನೆಚ್ಚಬೇಡಿ ಎಂಬುದೇ ಅವರ ಮಾರ್ಗ, ಹಾಗಿರುವಾಗ ಹಳೆಯ ಗರಿ, ಹಳೆಯ ಕಲ್ಲು, ಹಳೆಯ ಕಟ್ಟಡ ಎಂದು ನಾವೇಕೆ ಒದ್ದಾಡಬೇಕು? ಆಕ್ಷೇಪ ಹಗುರವಾದದ್ದಲ್ಲ. ಬೇರೆ ಮತಗಳವರಿಗೆ ಪರಂಪರೆಯ ರಕ್ಷಣೆ ಸುಲಭದ ಮಾತು. ನಮಗೆ ಸ್ವಲ್ಪ ತೊಡಕಿನದು. ನಾವು ತಿಳಿದಮಟ್ಟಿಗೆ ಸ್ಥಾವರ ಜಂಗಮಗಳು ಎರಡು ಬಗೆಯ ವಸ್ತುಗಳಲ್ಲ, ಒಂದೇ ವಸ್ತುವನ್ನು ಇಟ್ಟುಕೊಳ್ಳುವ ಎರಡು ರೀತಿ. ಬಿಗಿದು ಕಟ್ಟಿದ ಓಲೆ ಸ್ಥಾವರ. ಅದನ್ನು ಬಿಚ್ಚಿ ಒಬ್ಬ ಓದಿ ನಾಲ್ವರು ಕೇಳಿದರೆ ಅದೇ ಓಲೆ ಜಂಗಮ. ರೈತರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಬಿತ್ತನೆಯ ಜೋಳಕ್ಕೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿ ಇಡುತ್ತಿದ್ದುದು ಬಿತ್ತಲಿಕ್ಕೆ. ವರ್ಷಾನುಗಟ್ಟಲೆ ಬಿತ್ತದೆ ಇಟ್ಟ ಬೀಜ ನೋಡಲು ಬೀಜದಂತೆಯೇ ಇರುತ್ತದೆ, ನೆಲಕ್ಕೆ ಹಾಕಿದರೆ ಮೊಳಕೆ ಬರುವುದಿಲ್ಲ. ಹಾಗೆಂದು ಗಡಿಗೆಯನ್ನೇ ಒಡೆದವನಿಗೆ ಬಿತ್ತಲು ಏನೂ ಇರುವುದಿಲ್ಲ. ಹುಡುಗರು ಹೇಳುವ ಮಾತಿನಲ್ಲಿ ಈ ಎರಡನೆಯ ಅರ್ಧ ಬಿಟ್ಟುಹೋಗಿದೆ.

ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಸಾಕಲ್ಲ ಎಂದು ಕೇಳುವವರೂ ಇದ್ದಾರೆ. ತೆಗೆಯಬೇಕು, ಅಗತ್ಯವಾಗಿ ತೆಗೆಯಬೇಕು. ಕೇಂದ್ರ ಸರ್ಕಾರ ಹಸ್ತಪ್ರತಿಗಳಿಗಾಗಿ ೨೦೦೩ರಲ್ಲಿ ರಾಷ್ಟ್ರೀಯ ಅಭಿಯಾನವೊಂದನ್ನು ಆರಂಭಿಸಿದ್ದು ಇದೇ ಕೆಲಸಕ್ಕೆ. ಆದರೆ ಓದದ ಗರಿ ಜಗಲಿಯ ಮೇಲಿಂದ ಫೋನಿನೊಳಗೆ ಹೋಯಿತೆಂದರೆ ಗಂಟಿನ ಜಾಗ ಬದಲಾಯಿತು ಅಷ್ಟೇ.

ಕಲ್ಲಿನ ಮಾತು ಬಂದುದರಿಂದ ನಮ್ಮ ನೆರೆಯ ಆಲಂಪುರವನ್ನು ನೆನೆಯೋಣ. ಶ್ರೀಶೈಲದ ಅಣೆಕಟ್ಟೆಯ ನೀರು ಏರುವಾಗ, ಕೃಷ್ಣಾ ತುಂಗಭದ್ರೆಗಳ ಸಂಗಮದ ಕೂಡವೆಲ್ಲಿಯಲ್ಲಿದ್ದ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಒಂದೊಂದಕ್ಕೂ ಗುರುತು ಹಾಕಿ, ಆಲಂಪುರಕ್ಕೆ ತಂದು ಮತ್ತೆ ಎತ್ತಿ ನಿಲ್ಲಿಸಿದರು. ಮೇಲ್ದಂಡೆಯ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ನೀರು ಬಂದಾಗ ಅಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡರು. ಎರಡೂ ಮೆಚ್ಚತಕ್ಕ ಕೆಲಸ, ನಮ್ಮ ಇಂಜಿನಿಯರುಗಳು ಕೈ ಮುಗಿಯುವಂಥ ಕೆಲಸ ಮಾಡಿದರು. ಆದರೆ ೧೯೮೧ರ ಹೊತ್ತಿಗೆ ಶ್ರೀಶೈಲದ ನೀರಿನಲ್ಲಿ ನೂರರ ಆಸುಪಾಸು ಹಳ್ಳಿಗಳು ಮುಳುಗಿದುವು. ಗುಡಿಯ ಕಲ್ಲುಗಳನ್ನು ಇದ್ದ ಕ್ರಮದಲ್ಲೇ ಜೋಡಿಸಿದಂತೆ ಆ ಹಳ್ಳಿಗಳ ಮನೆಗಳನ್ನು, ಓಣಿಗಳನ್ನು, ಭಜನೆಯ ಮೇಳಗಳನ್ನು ಇದ್ದ ಕ್ರಮದಲ್ಲಿ ಜೋಡಿಸಲು ಯಾರಿಂದಲೂ ಆಗಲಿಲ್ಲ. ಕಲ್ಲಿಗಿಂತ ಜನರ ನಡುವಿನ ನಂಟು ಬೇಗ ಒಡೆಯುತ್ತದೆ.

ಇನ್ನು ನಮ್ಮ ಗಡಿಯ ವಿಶೇಷ ತೊಂದರೆಗೆ ಬರೋಣ. ೧೯೫೬ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮಹಬೂಬನಗರ ಜಿಲ್ಲೆಗೆ ಸೇರಿ ಆಂಧ್ರಕ್ಕೆ ಹೋದವು. ೨೦೧೪ರಲ್ಲಿ ತೆಲಂಗಾಣವಾಯಿತು, ೨೦೧೬ರಲ್ಲಿ ಗದ್ವಾಲ, ೨೦೧೯ರಲ್ಲಿ ನಾರಾಯಣಪೇಟೆ ಹೊಸ ಜಿಲ್ಲೆಗಳಾದವು. ನಮ್ಮ ಹೊಲ ಅಲ್ಲೇ ಇದೆ, ಬೀಗರು ರಾಯಚೂರು ಕಡೆಯೇ ಇದ್ದಾರೆ, ಲಿಂಗದೀಕ್ಷೆ ನಡೆದೇ ಇದೆ. ಬದಲಾದದ್ದು ಮಕ್ಕಳ ಪಾಟಿಯ ಮೇಲಿನ ಅಕ್ಷರ. ಅಜ್ಜ ಕನ್ನಡದಲ್ಲಿ ಸಹಿ ಮಾಡುತ್ತಾನೆ, ಮಗ ತೆಲುಗಿನಲ್ಲಿ, ಮೊಮ್ಮಗ ಇಂಗ್ಲಿಷಿನಲ್ಲಿ. ಮೂವರೂ ಮನೆಯಲ್ಲಿ ಆಡುವುದು ಕನ್ನಡವೇ. ಕೃಷ್ಣಾ ಮಂಡಲದ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಎಲ್ಲ ಊರಿಗೂ ಆ ಭಾಗ್ಯವಿಲ್ಲ. ಸಂವಿಧಾನದ ೨೯ನೆಯ ವಿಧಿ ತನ್ನ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. ೧೯೫೬ರಲ್ಲೇ ಸೇರಿಸಿದ ೩೫೦ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಹೇಳಿದೆ. ಹಕ್ಕು ಪುಸ್ತಕದಲ್ಲಿದೆ. ಕೇಳುವ ತಂದೆತಾಯಿಗಳಿದ್ದರೆ ತಾನೇ ಅದು ಶಾಲೆಗೆ ಬರುವುದು!

ಈ ಸ್ಥಿತಿಯಲ್ಲಿ ಕೆಲವು ಭಕ್ತರು ಕನ್ನಡದ ವಚನಗಳನ್ನೇ ತೆಲುಗು ಲಿಪಿಯಲ್ಲಿ ಅಚ್ಚು ಹಾಕಿಸಿ ಕೊಡಿ ಎಂದು ಕೇಳಿದ್ದಾರೆ. ಹಿರಿಯರಲ್ಲಿ ಹಲವರಿಗೆ ಇದು ಒಪ್ಪಿಗೆಯಿಲ್ಲ. ಲಿಪಿ ಹೋದರೆ ಎಲ್ಲ ಹೋದಂತೆ ಎಂಬುದು ಅವರ ಭಯ. ಅವರ ಭಯಕ್ಕೆ ಕಾರಣವಿದೆ ಎಂದೇ ನಾವು ಹೇಳುತ್ತೇವೆ. ಆದರೆ ಇತಿಹಾಸವನ್ನು ನೋಡಿ. ಬಸವಣ್ಣನವರ ಚರಿತ್ರೆಯನ್ನು ಪುರಾಣವಾಗಿ ಮೊದಲು ತೆಲುಗಿನಲ್ಲಿ ದ್ವಿಪದಿಯಲ್ಲಿ ಹಾಡಿದವರು ಇದೇ ತೆಲಂಗಾಣದ ಪಾಲ್ಕುರಿಕೆ ಸೋಮನಾಥರು. ಅದನ್ನು ೧೩೬೯ರಲ್ಲಿ ಷಟ್ಪದಿಯಲ್ಲಿ ಕನ್ನಡಕ್ಕೆ ತಂದವರು ಭೀಮಕವಿ. ನಮ್ಮ ಅಜ್ಜಂದಿರು ಶ್ರಾವಣದಲ್ಲಿ ಹಚ್ಚಿ ಮುಗಿಸುತ್ತಿದ್ದ ಬಸವಪುರಾಣ ಹೀಗೆ ತೆಲುಗಿನಿಂದ ಬಂದದ್ದು. ಕನ್ನಡ ನಾಡಿನ ಶರಣನ ಕಥೆ ತೆಲುಗಿಗೆ ಹೋಗಿ ಕನ್ನಡಕ್ಕೆ ಮರಳಿ ಬಂತು, ಮೈಲಿಗೆಯಾಗಲಿಲ್ಲ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು, ಬೇರೆ ಬೇರೆಯಾಗಿ ಬೆಳೆದು ಕೆಲವು ಶತಮಾನಗಳಷ್ಟೇ ಆಗಿವೆ. ತಲೆಕಟ್ಟಿನ ಆಕಾರ ಬದಲು, ಅಷ್ಟಿಷ್ಟು ಒತ್ತಿನ ಆಕಾರ ಬದಲು. ತೆಲುಗು ಲಿಪಿಯಲ್ಲಿ ಬರೆದ ಕನ್ನಡ ವಚನ ಕನ್ನಡವಾಗಿಯೇ ಉಚ್ಚಾರವಾಗುತ್ತದೆ. ಆದುದರಿಂದ ಕೇಳಿದವರಿಗೆ ತೆಲುಗು ಲಿಪಿಯಲ್ಲೇ ಕೊಡೋಣ ಎಂಬುದು ನಮ್ಮ ಅಭಿಪ್ರಾಯ. ಮಗುವಿನ ಬಾಯಿಗೆ ಮೊದಲು ಮಾತು ಬರಲಿ, ಅದರ ಬೆನ್ನಿಗೆ ಅರ್ಥ ಬರಲಿ. ತೆಲುಗು ಬಲ್ಲ ಮಗುವಿಗೆ ಕನ್ನಡ ಅಕ್ಷರ ಕಲಿಸಲು ಬೇಸಿಗೆ ರಜೆಯ ಒಂದು ತಿಂಗಳು ಸಾಕು. ಬೆಂಗಳೂರಿನ ಬಸವ ಸಮಿತಿ ಸುಮಾರು ಎರಡೂವರೆ ಸಾವಿರ ವಚನಗಳನ್ನು ತೆಲುಗೂ ಸೇರಿದಂತೆ ದೇಶದ ಅನೇಕ ಭಾಷೆಗಳಿಗೆ ಅನುವಾದಿಸಿ ಅಚ್ಚು ಹಾಕಿದೆ. ಅರ್ಥಕ್ಕೆ ಅದು ನೆರವಾದೀತು.

ಮಕ್ಕಳ ಮಾತು ಬಂದ ಮೇಲೆ ಒಂದು ಕಹಿ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಗಟ್ಟು, ಐಜ, ಮಲ್ದಕಲ್ ಕಡೆಯ ಸೀಡ್ ಹತ್ತಿ ದೇಶಕ್ಕೆಲ್ಲ ಹೆಸರಾದದ್ದು. ಆ ಬೆಳೆಯ ಗುಟ್ಟು ಕೈಕೆಲಸದಲ್ಲಿದೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ತಾಗಿಸಬೇಕು, ಹೀಗೆ ಹೂವು ಹೂವಿಗೂ. ಈ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಕೈ, ಕುಳ್ಳು ಮೈ ಅನುಕೂಲವೆಂದು, ಕೂಲಿಯೂ ಕಡಿಮೆಯೆಂದು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ತಂದದ್ದು ಎಲ್ಲರೂ ಬಲ್ಲ ಸಂಗತಿ. ಶಿಕ್ಷಣ ಹಕ್ಕಿನ ಕಾಯಿದೆ ೨೦೧೦ರಿಂದ ಜಾರಿಯಲ್ಲಿದೆ, ೨೦೧೬ರ ತಿದ್ದುಪಡಿಯ ನಂತರ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದು ಎಲ್ಲ ಉದ್ಯೋಗಗಳಲ್ಲೂ ಅಪರಾಧ. ಮೊದಲಿಗಿಂತ ಕಡಿಮೆಯಾಗಿದೆ ಎನ್ನುತ್ತಾರೆ. ಕಡಿಮೆಯಾಗಿದ್ದರೆ ಸಂತೋಷ, ಪೂರ್ತಿ ನಿಲ್ಲಬೇಕು. ನಮ್ಮ ಮಂಡಲ ಅಕ್ಷರದಲ್ಲಿ ತೀರ ಹಿಂದುಳಿದದ್ದೆಂದು ಸರ್ಕಾರದ ಕಾಗದಗಳೇ ಹೇಳುತ್ತವೆ. ಕೂಲಿ, ಬೀಜದ ಕಂಪನಿಯ ಕರಾರು, ಸಾಲ, ಮಳೆ ಇವುಗಳ ನಡುವೆ ಸಿಕ್ಕಿದ ರೈತನ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಆದರೂ ಕೇಳಲೇಬೇಕು. ಓಲೆಗೆ ಬೆಳ್ಳಿಯ ಪೆಟ್ಟಿಗೆ ಮಾಡಿಸುವ ಭಕ್ತರ ಹೊಲದಲ್ಲಿ ಹನ್ನೆರಡು ವರ್ಷದ ಹುಡುಗಿ ಬೆಳಗಿನಿಂದ ಹೂವು ತಿಕ್ಕುತ್ತಿದ್ದರೆ, ಆ ಓಲೆಯನ್ನು ನಾಳೆ ಓದುವವರು ಯಾರು? ಅಕ್ಕಮಹಾದೇವಿಯ ವಚನ ನಮ್ಮ ಪರಂಪರೆಯೆಂದು ಹೆಮ್ಮೆಪಡುವುದು, ಹೆಣ್ಣುಮಗುವಿನ ಕೈಗೆ ಅಕ್ಷರ ಕೊಡದಿರುವುದು, ಇವೆರಡೂ ಒಂದೇ ಮನೆಯಲ್ಲಿ ಇರಕೂಡದು. ಆ ಹುಡುಗಿ ಪರಜಾತಿಯವಳು, ಕೂಲಿಯವರ ಮಗಳು ಎಂದು ಯಾರಾದರೂ ಸಮಾಧಾನ ಹೇಳಿಕೊಂಡರೆ, ಅನುಭವಮಂಟಪದಲ್ಲಿ ಯಾರು ಯಾರು ಕುಳಿತಿದ್ದರೆಂಬುದನ್ನು ಅವರು ಮತ್ತೊಮ್ಮೆ ನೆನಪು ಮಾಡಿಕೊಳ್ಳಬೇಕಾಗುತ್ತದೆ.

ಅಕ್ಷರವಿಲ್ಲದವರಿಂದ ಪರಂಪರೆ ಉಳಿಯುವುದಿಲ್ಲವೆಂದು ನಮ್ಮ ಮಾತಿನ ಅರ್ಥವಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡಿ ಉಳಿಸಿದವರಲ್ಲಿ ಹೆಬ್ಬೆಟ್ಟಿನವರೇ ಬಹಳ. ಅವರ ಕೊರಳೇ ಅವರ ಓಲೆ. ಆದರೆ ಆ ಮುದುಕರ ಪಕ್ಕದಲ್ಲಿ ಈಗ ಕುಳಿತು ಕಲಿಯುವವರು ಕಡಿಮೆ. ಗ್ರಂಥಕ್ಕಾದರೂ ಕಾಯುವ ತಾಳ್ಮೆಯುಂಟು, ಕೊರಳಿಗೆ ಇಲ್ಲ.

ಉಳಿಸಿಕೊಳ್ಳುವ ವೆಚ್ಚ ಯಾರ ಮೇಲೆ ಬೀಳಬೇಕು ಎಂಬುದೂ ಒಂದು ಧರ್ಮಪ್ರಶ್ನೆ. ಗದ್ವಾಲದ ಸೀರೆಯನ್ನೇ ನೋಡಿ. ಹತ್ತಿಯ ಒಡಲು, ರೇಷ್ಮೆಯ ಅಂಚು ಸೆರಗು, ಎರಡನ್ನೂ ಮಗ್ಗದಲ್ಲೇ ಎಳೆಗೆ ಎಳೆ ಕೂಡಿಸುವ ಕುಪ್ಪಡಂ ಕೆಲಸ. ೨೦೧೦ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಾವೆಲ್ಲ ಹೆಮ್ಮೆಪಡುತ್ತೇವೆ, ಮದುವೆಯ ಜವಳಿಗೆ ಹೋದಾಗ ಮಾತ್ರ ಯಂತ್ರದ ಮಗ್ಗದ ನಕಲಿಯನ್ನು ಅರ್ಧ ಬೆಲೆಗೆ ಚೌಕಾಶಿ ಮಾಡುತ್ತೇವೆ. ಆಮೇಲೆ ನೇಕಾರನ ಮಗ ಮಗ್ಗ ಬಿಟ್ಟು ಹೈದರಾಬಾದಿಗೆ ಹೋದನೆಂದು ಮರುಗುತ್ತೇವೆ. ನಮ್ಮ ಹೆಮ್ಮೆಗಾಗಿ ಅವನು ಅರೆಹೊಟ್ಟೆಯಲ್ಲಿ ಕೂರಬೇಕೆಂದು ಬಯಸುವುದು ನ್ಯಾಯವಲ್ಲ. ಕಾಯಕದ ಬೆಲೆ ಕೊಡದವನಿಗೆ ಪರಂಪರೆಯ ಮಾತಾಡುವ ಅಧಿಕಾರವಿಲ್ಲವೆಂದು ಶ್ರೀಮಠದ ಲೆಕ್ಕ ಬರೆಯುವ ನಮಗೆ ಅನ್ನಿಸುತ್ತದೆ. ಇದೇ ಮಾತು ಓಲೆಗೂ ಸಲ್ಲುತ್ತದೆ: ಓಲೆ ಓದಬಲ್ಲ ಪಂಡಿತರನ್ನು ಕರೆಸಿದರೆ ಹೋಗಿಬರುವ ಖರ್ಚು, ಊಟ, ಗೌರವಧನ ಕೊಡಬೇಕು. ಜಾತ್ರೆಯ ದೀಪಾಲಂಕಾರಕ್ಕೆ ಕೇಳದೆ ಬರುವ ಹಣ ಇದಕ್ಕೆ ಕೇಳಿದರೂ ನಿಧಾನ.

ಈಗ ಮೊದಲಿನ ಪ್ರಶ್ನೆಗೆ ಉತ್ತರ. ಗಂಟು ಮನೆಯದು, ಮನೆಯಲ್ಲೇ ಇರಲಿ. ಮಠಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳಬೇಡಿ. ಶ್ರೀಮಠಕ್ಕೆ ತಂದರೆ ನಿಮ್ಮ ಎದುರಿನಲ್ಲೇ ಬಿಚ್ಚಿ, ಗರಿ ಎಣಿಸಿ, ಎರಡೂ ಮೈಯ ಫೋಟೋ ತೆಗೆದು, ಬಲ್ಲವರಿಂದ ಓದಿಸಿ, ಏನಿದೆಯೆಂದು ಬರೆದು ಕೊಡಲಾಗುವುದು. ಎಲ್ಲವೂ ವಚನವೇ ಇರುವುದೆಂದು ತಿಳಿಯಬೇಡಿ. ಪುರಾಣವಿರಬಹುದು, ದನದ ವೈದ್ಯವಿರಬಹುದು, ಪಂಚಾಂಗ ಜಾತಕ ಇರಬಹುದು, ಯಾರೋ ಯಾರಿಗೋ ಕೊಟ್ಟ ಸಾಲದ ಲೆಕ್ಕವೂ ಇರಬಹುದು. ಕಲ್ಲುಬಳಪದಲ್ಲಿ ಬರೆದ ಕಪ್ಪು ಬಟ್ಟೆಯ ಕಡತ ವ್ಯಾಪಾರಸ್ಥರ ಮನೆಯಲ್ಲಿದ್ದರೆ ಅದನ್ನೂ ತನ್ನಿ, ಹಿಂದಿನ ಧಾರಣೆ ವ್ಯವಹಾರ ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಆದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅಕ್ಷರ ಹೋಗುತ್ತದೆ.

ಗರಿಗೆ ಇನ್ನು ಮುಂದೆ ಅರಿಷಿಣ ಕುಂಕುಮ ಹಚ್ಚಬೇಡಿ, ವಿಭೂತಿಯನ್ನು ಮೇಲಿನ ಬಟ್ಟೆಗೆ ಹಚ್ಚಿದರೆ ಸಾಕು. ದೀಪದ ಎಣ್ಣೆ ತಾಗದಷ್ಟು ದೂರವಿಡಿ. ಒಣಗಿ ಪೆಡಸಾದ ಗರಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಹತ್ತಿಯಿಂದ ತೆಳ್ಳಗೆ ಸವರುವ ಪದ್ಧತಿಯಿದೆ, ಅದನ್ನು ಬಲ್ಲವರ ಕೈಯಿಂದಲೇ ಮಾಡಿಸಬೇಕು. ದಾರ ಸಡಿಲಾಗಿದ್ದರೆ ಹಾಗೆಯೇ ತನ್ನಿ. ಬಿಗಿಯಲು ಹೋದರೆ ತೂತಿನ ಹತ್ತಿರ ಗರಿ ಸೀಳುತ್ತದೆ.